ಪೆಡಲ್ ಮೇಲೆ ಯಾರ ಕಾಲು?

ಹಾಲಿನ ಡೇರಿ ಮುಂದೆಯೋ ಸಂತೆ ಮೈದಾನದಲ್ಲೋ ನಿಲ್ಲಿಸಿರುವ ಹಳೇ ಸೈಕಲ್ಲುಗಳ ಪೆಡಲ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಕೆಲವಕ್ಕೆ ಪೆಡಲ್ ಅನ್ನುವುದೇ ಇರುವುದಿಲ್ಲ. ರಬ್ಬರ್ ತುಂಡು ಸವೆದು ಬಿದ್ದಿರುತ್ತದೆ, ಅದನ್ನು ಹಿಡಿದಿದ್ದ ತಗಡೂ ಕಳಚಿರುತ್ತದೆ, ಉಳಿಯುವುದು ಬೆರಳು ಗಾತ್ರದ ಒಂದು ಕಬ್ಬಿಣದ ಕಡ್ಡಿ. ಅದರ ಮೇಲೇ ಕಾಲಿಟ್ಟು ಜನ ವರ್ಷಗಟ್ಟಲೆ ತುಳಿಯುತ್ತಾರೆ. ಟೈರು ಪಂಕ್ಚರ್ ಆದರೆ ಆ ದಿನವೇ ರಿಪೇರಿ, ಬ್ರೇಕ್ ಹೋದರೆ ವಾರದೊಳಗೆ. ಪೆಡಲ್ಲಿಗೆ ಮಾತ್ರ ಸರದಿ ಬರುವುದೇ ಇಲ್ಲ.

ಇನ್ನೊಂದು ಕಡೆ, ಮಕ್ಕಳಿಗೆ ಗೇರ್ ಸೈಕಲ್ ಕೊಡಿಸುವ ತಂದೆತಾಯಿ ಈಗ ಪೇಟೆಯ ಅಂಗಡಿಯಲ್ಲಿ ನಾಲ್ಕಾರು ತರದ ಪೆಡಲ್ ನೋಡುತ್ತಾರೆ. ಹಲ್ಲಿರುವ ಲೋಹದ್ದು, ಅಗಲವಾದ ಪ್ಲಾಸ್ಟಿಕ್ಕಿನದು, ಶೂ ಸಿಕ್ಕಿಸಿಕೊಳ್ಳುವ ಕೊಂಡಿಯದು. ಯಾವುದು ಒಳ್ಳೆಯದು, ಅದಕ್ಕೆ ಕಾಲಿಗೆ ಏನು ಹಾಕಬೇಕು ಎಂದು ನಮ್ಮ ಬಳಗದವರನ್ನು ಕೇಳಿದವರಿದ್ದಾರೆ. ಒಂದೇ ಸಾಲಿನ ಉತ್ತರ ಕೊಡಬಹುದಿತ್ತು. ಆದರೆ ಈ ಪೆಡಲ್ಲುಗಳು ಒಂದೊಂದೂ ಯಾರದೋ ಕಾಲಿಗಾಗಿ ಹುಟ್ಟಿದವು. ಯಾರ ಕಾಲಿಗೆ ಎಂದು ತಿಳಿದರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ ಎಂದು ನಮಗೆ ಅನ್ನಿಸಿತು.

ಮೊದಲ ಸೈಕಲ್ಲಿಗೆ ಪೆಡಲ್ಲೇ ಇರಲಿಲ್ಲ. ಜರ್ಮನಿಯ ಮಾನ್‌ಹೈಮ್ ಊರಿನ ಕಾರ್ಲ್ ಫಾನ್ ಡ್ರೈಸ್ 1817ರ ಜೂನ್ 12ರಂದು ಎರಡು ಮರದ ಚಕ್ರದ ಗಾಡಿಯೊಂದನ್ನು ರಸ್ತೆಗೆ ತಂದ. ನಡುವಿನ ಹಲಗೆಯ ಮೇಲೆ ಕುದುರೆ ಏರಿದಂತೆ ಕೂತು, ಎರಡೂ ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತಾ ಓಡಿಸಬೇಕು. ಹೋಗಿ ಬರುವುದು ಸೇರಿ ಸುಮಾರು 14 ಕಿಲೋಮೀಟರ್ ದೂರವನ್ನು ಅವನು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸಿದ. ಈಗ ಪುಟ್ಟ ಮಕ್ಕಳಿಗೆ ಪೆಡಲ್ ಇಲ್ಲದ ಸೈಕಲ್ ಕೊಡಿಸುತ್ತಾರಲ್ಲ, ಅದೇ ಇದು.

ಈ ಗಾಡಿಗೆ ಎಂಜಿನ್ ಎಂದರೆ ಸವಾರನ ಕಾಲು, ಚಕ್ರ ಎಂದರೆ ಅರ್ಧ ಅವನ ಬೂಟು. ಒದೆಯುವುದೂ ಬೂಟಿನಿಂದ, ಇಳಿಜಾರಿನಲ್ಲಿ ತಡೆಯುವುದೂ ಬಹುಮಟ್ಟಿಗೆ ಬೂಟಿನಿಂದ. ಹಾಗಾಗಿ ಅಟ್ಟೆ ಬೇಗ ಸವೆಯುತ್ತಿತ್ತು. ಬೂಟು ಕೊಳ್ಳುವ ಶಕ್ತಿ ಇದ್ದ ಯುವಕರ ಶೋಕಿಯಾಗಿ ಇದು ಲಂಡನ್, ಪ್ಯಾರಿಸ್ಸುಗಳಲ್ಲಿ ಎರಡು ಮೂರು ವರ್ಷ ಮೆರೆದು ಮರೆಯಾಯಿತು.

ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಪಿಯೆರ್ ಮಿಶೋ ಎಂಬ ಕುಲುಮೆಗಾರನ ಕಾರ್ಖಾನೆಯಲ್ಲಿ ಮುಂದಿನ ಚಕ್ರದ ಅಚ್ಚಿಗೆ ನೇರವಾಗಿ ಎರಡು ತಿರುಗಣೆ ಜೋಡಿಸಿದರು. ಕಂಡುಹಿಡಿದವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಪಿಯೆರ್ ಲಾಲ್ಮಾಂ ಎಂಬ ಇನ್ನೊಬ್ಬ ಕುಶಲಕರ್ಮಿ ಅಮೆರಿಕಕ್ಕೆ ಹೋಗಿ 1866ರ ನವೆಂಬರ್ 20ರಂದು ಪೆಡಲ್ ಇರುವ ಸೈಕಲ್ಲಿಗೆ ಪೇಟೆಂಟ್ ಪಡೆದ. ಕಾಗದ ಅವನ ಹೆಸರಿನಲ್ಲಿದೆ, ಕೀರ್ತಿ ಬಹುಕಾಲ ಮಿಶೋ ಮನೆತನಕ್ಕೆ ಹೋಯಿತು.

ಆ ಕಾಲದ ಕೆಲವು ಪೆಡಲ್ಲುಗಳಲ್ಲಿ ಒಂದು ಜಾಣತನ ಇತ್ತು. ಕಾಲಿಡುವ ಭಾಗದ ಅಡಿಯಲ್ಲಿ ಭಾರದ ಗುಂಡನ್ನು ಕೂರಿಸಿ, ಪೆಡಲ್ ಎಷ್ಟೇ ತಿರುಗಿದರೂ ಸಪಾಟಾದ ಮುಖ ಮೇಲೆ ಬರುವಂತೆ ಮಾಡಿದ್ದರು. ಕೆಳಗೆ ನೋಡದೆ ಕಾಲಿಡಬಹುದಿತ್ತು. ಮುಂದೆ ಎರಡೂ ಕಡೆ ತುಳಿಯಬಹುದಾದ ಪೆಡಲ್ ಬಂದ ಮೇಲೆ ಗುಂಡು ಬೇಡವಾಯಿತು. ಕೆಳಗೆ ನೋಡದೆ ಕಾಲಿಡುವ ಈ ಅನುಕೂಲವನ್ನು ನೆನಪಿಡಿ.

1869ರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೇ ಸೈಕಲ್ಲಿಗೆ ಬಾಲ್ ಬೇರಿಂಗಿನ ಪೇಟೆಂಟ್ ಪಡೆದ. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರುವಾನ್ ಪಟ್ಟಣದವರೆಗೆ ನಡೆದ ಓಟವನ್ನು ಬಾಲ್ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ ಜೇಮ್ಸ್ ಮೂರ್ ಗೆದ್ದ. ಪೆಡಲ್ ಒಳಗೆ ನಮ್ಮ ಸೈಕಲ್ ಅಂಗಡಿಯವರು ಗ್ರೀಸ್ ಹಚ್ಚಿ ಒಂದೊಂದಾಗಿ ಕೂರಿಸುವ ಬಾಲ್ಸುಗಳ ವಂಶ ಅಲ್ಲಿಂದ ಶುರು.

ಆಮೇಲೆ ಬಂದದ್ದು ಮುಂದೆ ದೊಡ್ಡ ಚಕ್ರ, ಹಿಂದೆ ಸಣ್ಣ ಚಕ್ರದ ಎತ್ತರದ ಸೈಕಲ್. ಅದರಲ್ಲೂ ಪೆಡಲ್ ಚಕ್ರದ ಅಚ್ಚಿಗೇ ಅಂಟಿಕೊಂಡಿತ್ತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ ತಂದ ಮೇಲೆ ಪೆಡಲ್ ನಡುವಿಗೆ ಬಂತು, ಚೈನು ಹಿಂದಿನ ಚಕ್ರವನ್ನು ಎಳೆಯಿತು. ನಾವು ಇವತ್ತು ಹತ್ತುವುದು ಅದೇ ಸೈಕಲ್.

ಆದರೆ ರೋವರ್ ಕಾಲದ ಸೈಕಲ್ಲಿಗೆ ಫ್ರೀವೀಲ್ ಇರಲಿಲ್ಲ ಎನ್ನುವುದನ್ನು ಹಲವರು ಮರೆಯುತ್ತಾರೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತಿತ್ತು. ಇಳಿಜಾರಿನಲ್ಲಿ ಕಾಲು ಸುಮ್ಮನಿಡಲು ಆಗದು. ಪೆಡಲ್ ಹುಚ್ಚು ಹಿಡಿದಂತೆ ಸುತ್ತುವಾಗ ಕಾಲು ಜಾರಿದರೆ ಮೊಣಕಾಲ ಕೆಳಗಿನ ಮೂಳೆಗೆ ಪೆಟ್ಟು. ಇಳಿಜಾರು ಬಂದಾಗ ಎರಡೂ ಕಾಲನ್ನು ಎತ್ತಿ ಇಡಲೆಂದು ಮುಂದಿನ ಫೋರ್ಕಿಗೆ ಸಣ್ಣ ಗೂಟಗಳನ್ನು ಹಾಕುತ್ತಿದ್ದರು. ಕಾಲನ್ನು ಪೆಡಲ್ಲಿಗೆ ಕಟ್ಟಿಹಾಕಬೇಕು ಎಂಬ ಯೋಚನೆಗೆ ಇದು ಮುಖ್ಯ ಕಾರಣ ಎಂದು ನಮಗೆ ಕಾಣುತ್ತದೆ. ಬೆರಳಿನ ಮುಂದೆ ತಂತಿಯ ಗೂಡು, ಅದರ ಮೇಲೊಂದು ಚರ್ಮದ ಪಟ್ಟಿ. ಇದಕ್ಕೆ ಟೋ ಕ್ಲಿಪ್ ಎಂದು ಹೆಸರು.

1900ರ ಆಸುಪಾಸಿನಲ್ಲಿ ಫ್ರೀವೀಲ್ ಎಲ್ಲೆಡೆ ಹರಡಿತು. ತುಳಿಯುವುದು ಬಿಟ್ಟರೆ ಪೆಡಲ್ ನಿಂತಿತು, ಸೈಕಲ್ ಓಡಿತು. ಕೆಲಸಕ್ಕೆ ಹೋಗುವವನಿಗೆ ಕಾಲು ಕಟ್ಟುವ ಅಗತ್ಯ ಅಲ್ಲಿಗೆ ಮುಗಿಯಿತು. ಓಟಗಾರನಿಗೆ ಮುಗಿಯಲಿಲ್ಲ. ಅಂಗಡಿಗಳಲ್ಲಿ ಆಗಲೇ ಎರಡು ಬಗೆ ಸಿಗುತ್ತಿದ್ದವು. ಒಂದು ರಬ್ಬರ್ ಪೆಡಲ್, ಊರಲ್ಲಿ ಮಾಮೂಲಿ ಬೂಟು ಹಾಕಿ ಓಡಾಡುವವರಿಗೆ. ಇನ್ನೊಂದು ಹಲ್ಲು ಹಲ್ಲಾದ ಉಕ್ಕಿನ ತಗಡಿನ ಪೆಡಲ್, ಚರ್ಮದ ಅಟ್ಟೆಯನ್ನು ಕಚ್ಚಿ ಹಿಡಿಯಲೆಂದು. ಆಕಾರ ನೋಡಿ ಅದಕ್ಕೆ ಇಲಿ ಬೋನು ಎಂದು ಅಡ್ಡಹೆಸರು ಬಂತು. ಬರಿಗಾಲಿನಲ್ಲಿ ಅದನ್ನು ತುಳಿದು ನೋಡಿದವರು ಆ ಹೆಸರು ಸರಿಯಿದೆ ಎನ್ನುತ್ತಾರೆ.

ಈ ರಬ್ಬರ್ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ ಮೇಲೆ ಯುರೋಪು, ಅಮೆರಿಕಗಳಲ್ಲಿ ಸೈಕಲ್ ಹುಚ್ಚು ಹಬ್ಬಿತು, ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಆಗ ಆಫ್ರಿಕದ ಕಾಂಗೋ ಬೆಲ್ಜಿಯಂ ರಾಜ 2ನೇ ಲಿಯೋಪೋಲ್ಡನ ಸ್ವಂತ ಸೊತ್ತಿನಂತೆ ಇತ್ತು. ಕಾಡುಬಳ್ಳಿಯಿಂದ ರಬ್ಬರ್ ತರಲು ಅಲ್ಲಿನ ಹಳ್ಳಿಗರನ್ನು ಬಡಿದು ದುಡಿಸಿದರು, ಕೈ ಕತ್ತರಿಸಿದರು. ಅದರಲ್ಲಿ ಹೆಚ್ಚಿನ ಪಾಲು ಟೈರಿಗೆ ಹೋಯಿತು, ಪೆಡಲ್ಲಿಗೆ ಹೋದದ್ದು ಚೂರು. ಆದರೂ ಸೈಕಲ್ ಚರಿತ್ರೆ ಬರೆಯುವಾಗ ಆ ಹಳ್ಳಿಗಳನ್ನು ಬಿಟ್ಟು ಬರೆಯಲು ನಮಗೆ ಮನಸ್ಸು ಬರಲಿಲ್ಲ.

ಓಟಗಾರರ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇವೆ. ಶೂ ಅಟ್ಟೆಗೆ ಲೋಹದ ತುಂಡು ಹಾಕಿ ಅದನ್ನೇ ಪೆಡಲ್ಲಿಗೆ ಸಿಕ್ಕಿಸುವ ಯೋಚನೆಗೆ ಅಮೆರಿಕದ ಚಾರ್ಲ್ಸ್ ಹ್ಯಾನ್ಸನ್ 1895ರಲ್ಲೇ ಪೇಟೆಂಟ್ ಪಡೆದಿದ್ದ. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಅಂಥದ್ದೊಂದನ್ನು ತಂದಿತು. ಕಾಲು ಬಿಡಿಸಿಕೊಳ್ಳಬೇಕಾದರೆ ಬಗ್ಗಿ ಪೆಡಲ್ಲಿನ ಸನ್ನೆಯನ್ನು ಕೈಯಿಂದ ಸರಿಸಬೇಕಿತ್ತು, ಬೀಳುವಾಗ ಯಾರು ಬಗ್ಗುತ್ತಾರೆ? 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದ ಮೇಲೆ ಜಾರುವ ಆಟದ ಶೂಗಳಿಗೆ ತಾನು ಮಾಡುತ್ತಿದ್ದ ಕೊಂಡಿಯನ್ನೇ ಪೆಡಲ್ಲಿಗೆ ಒಗ್ಗಿಸಿತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು, ಕಾಲು ಬಿಡುತ್ತದೆ. ಮರುವರ್ಷ ಬರ್ನಾರ್ ಇನೋ ಅದನ್ನು ಬಳಸಿ ಟೂರ್ ದ ಫ್ರಾನ್ಸ್ ಗೆದ್ದ. ಟೋ ಕ್ಲಿಪ್ಪಿನ ಕಾಲ ಮುಗಿಯಿತು. 1990ರಲ್ಲಿ ಜಪಾನಿನ ಶಿಮಾನೋ ಕಂಪನಿ, ಲೋಹದ ತುಂಡು ಅಟ್ಟೆಯ ಒಳಗೇ ಹುದುಗಿರುವ, ಇಳಿದು ನಡೆಯಲೂ ಬರುವ ಬಗೆಯನ್ನು ತಂದಿತು.

ಇದು ನಮ್ಮ ಕಡೆಯೂ ಬಂದಿದೆ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಬರುವ ಸೈಕಲ್ ಸವಾರರು ಚಹದಂಗಡಿ ಮುಂದೆ ಇಳಿದು ಟಕ್ ಟಕ್ ಎಂದು ಬಾತುಕೋಳಿಯಂತೆ ನಡೆಯುವುದನ್ನು ಆ ದಾರಿಯ ಊರಿನವರು ನೋಡಿರುತ್ತೀರಿ. ಆ ಸದ್ದು ಅಟ್ಟೆಯ ಕೆಳಗಿನ ಗಟ್ಟಿ ತುಂಡಿನದು. ಗಂಟೆಗಟ್ಟಲೆ ಜೋರಾಗಿ ತುಳಿಯುವವರಿಗೆ, ಕಾಲು ಒಂದೇ ಜಾಗದಲ್ಲಿ ನಿಲ್ಲಬೇಕು ಎನ್ನುವವರಿಗೆ ಅದರಿಂದ ಅನುಕೂಲ ಉಂಟು. ಕಲಿಯುವಾಗ ನಿಂತ ಜಾಗದಲ್ಲೇ ಪಕ್ಕಕ್ಕೆ ದೊಪ್ಪೆಂದು ಬೀಳುವುದೂ ಉಂಟು.

ಆದರೆ ಕಾಲು ಕಟ್ಟಿದರೆ ಮೇಲಕ್ಕೆ ಎಳೆಯುವಾಗಲೂ ಬಲ ಸಿಗುತ್ತದೆ, ದಣಿವು ಕಡಿಮೆಯಾಗುತ್ತದೆ ಎಂದು ಅಂಗಡಿಯಲ್ಲಿ ಹೇಳುವ ಮಾತನ್ನು ನಂಬಿ ದುಡ್ಡು ಹಾಕಬೇಡಿ. 2016ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ ಇದನ್ನು ಅಳೆದು ಪ್ರಕಟಿಸಿದರು. ಮಾಮೂಲಿ ಓಟದ ಶೂ ಹಾಕಿ ಸಪಾಟು ಪೆಡಲ್ ತುಳಿದಾಗಲೂ, ಗಟ್ಟಿ ಅಟ್ಟೆಯ ಸೈಕಲ್ ಶೂವನ್ನು ಕೊಂಡಿಗೆ ಸಿಕ್ಕಿಸಿ ತುಳಿದಾಗಲೂ ಸಾಧಾರಣ ವೇಗದಲ್ಲಿ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಕೆಲಸಕ್ಕೋ ಶಾಲೆಗೋ ಹೋಗುವವರ ತುಳಿತ ಆ ಸಾಧಾರಣ ವೇಗದ್ದೇ.

ಇನ್ನು ನಮ್ಮ ದಾರಿ.

ಕನ್ನಡದಲ್ಲಿ ನಾವು ಸೈಕಲ್ ತುಳಿಯುತ್ತೇವೆ. ಆ ಕ್ರಿಯಾಪದ ಸೈಕಲ್ಲಿಗಾಗಿ ಹುಟ್ಟಿದ್ದಲ್ಲ. ನೀರೆತ್ತಲು ಏತ ತುಳಿಯುತ್ತಿದ್ದರು, ಗೋಡೆಗೆ ಮಣ್ಣು ತುಳಿಯುತ್ತಿದ್ದರು, ಮಗ್ಗದ ಗುಂಡಿಯೊಳಗೆ ಕೂತು ಹಲಗೆ ತುಳಿಯುತ್ತಿದ್ದರು. ಎಲ್ಲವೂ ಬರಿಗಾಲಿನ ಕೆಲಸ. ಸೈಕಲ್ ಬಂದಾಗಲೂ ತುಳಿದದ್ದು ಅದೇ ಬರಿಗಾಲು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಅಲ್ಲಿನ ಗುಮಾಸ್ತ, ಪೊಲೀಸು, ಅಂಚೆಯವನು ಬೂಟು ಹಾಕಿ ತುಳಿಯಲೆಂದು ಮಾಡಿದವು. ಅದೃಷ್ಟಕ್ಕೆ ಅವರಿಗೆಂದು ಹಾಕಿದ್ದು ರಬ್ಬರ್ ಪೆಡಲ್. ಉಕ್ಕಿನ ಹಲ್ಲಿನದು ಬಂದಿದ್ದರೆ ನಮ್ಮ ಅಜ್ಜಂದಿರ ಅಂಗಾಲಿನ ಗತಿ ಏನಾಗುತ್ತಿತ್ತೋ.

ಆ ಪೆಡಲ್ ಒಂದು ಸರಳ ಸಾಮಾನು. ನಡುವೆ ಉಕ್ಕಿನ ಅಚ್ಚು, ಎರಡು ತುದಿಗೆ ಬಾಲ್ಸು, ಆಚೀಚೆ ಉದ್ದುದ್ದ ಗೆರೆ ಇರುವ ಎರಡು ರಬ್ಬರ್ ದಿಂಡು. ಎರಡು ಮುಖವೂ ಒಂದೇ, ಕೆಳಗೆ ನೋಡದೆ ಕಾಲಿಡಬಹುದು. ಬರಿಗಾಲಿಗೆ ಚುಚ್ಚದು, ಚಪ್ಪಲಿಯನ್ನು ಹಿಡಿಯುತ್ತದೆ, ಬೂಟನ್ನೂ ಹಿಡಿಯುತ್ತದೆ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಲೂಧಿಯಾನದ ಸಣ್ಣ ಸಣ್ಣ ಕಾರ್ಖಾನೆಗಳು ಚೈನು, ಬೆಲ್ಲು, ಪೆಡಲ್ಲುಗಳನ್ನು ದೇಶಕ್ಕೆಲ್ಲ ಕಳಿಸಿದವು. ಹ್ಯಾಂಡಲ್ ಬದಲಾಯಿತು, ಬ್ರೇಕಿನ ಸರಳು ಹೋಗಿ ಕೇಬಲ್ ಬಂತು. ಕಪ್ಪು ಸೈಕಲ್ಲಿನ ಪೆಡಲ್ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಹಳ್ಳಿಯ ಮಕ್ಕಳು ಸೈಕಲ್ ಕಲಿತದ್ದೂ ಇದರ ಮೇಲೆ. ಸೀಟಿಗೆ ಎಟುಕದ ಹುಡುಗ ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೈಯನ್ನು ಒಂದು ಕಡೆಗೆ ಜೋತುಬಿಟ್ಟು ಹೊಡೆಯುತ್ತಿದ್ದ ಒಳಪೆಡಲ್ಲಿನಲ್ಲಿ ಪಾದ ಪೂರ್ತಿ ಸಪಾಟಾಗಿ ಕೂರುವುದಿಲ್ಲ, ಅಂಚಿನಲ್ಲಿ ಓರೆಯಾಗಿ ಒತ್ತುತ್ತದೆ. ರಬ್ಬರ್ ಇದ್ದುದಕ್ಕೆ ಆ ಓರೆ ಕಾಲೂ ಜಾರದೆ ನಿಂತಿತು.

ಹೀಗೆ ಈ ಪೆಡಲ್ ಸವಾರನ ಕಾಲಿಗೆ ಏನು ಹಾಕಿದ್ದೀಯ ಎಂದು ಕೇಳಲಿಲ್ಲ. ಕೇಳಿದ್ದು ಊರು. ಎಕ್ಕಡ, ಮೆಟ್ಟು, ಕೆರ, ಕಾಲ್ಮರಿ ಎಂದು ಸೀಮೆಗೊಂದು ಹೆಸರಿರುವ ಚಪ್ಪಲಿಯನ್ನು ಹೊಲಿದುಕೊಟ್ಟವರೇ ಮೇಲ್ಜಾತಿಯವರ ಬೀದಿಯಲ್ಲಿ ಅದನ್ನು ಮೆಟ್ಟುವಂತಿರಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಸೈಕಲ್ ಬಂದ ಮೇಲೆ ಅದಕ್ಕೂ ಅದೇ ನಿಯಮ ಅಂಟಿತು. ಬೀದಿ ತುದಿಯಲ್ಲಿ ಇಳಿದು, ತಳ್ಳಿಕೊಂಡು ಹೋಗಿ, ಆಚೆ ತುದಿಯಲ್ಲಿ ಹತ್ತಬೇಕು. ಇದೆಲ್ಲ ಅಜ್ಜನ ಕಾಲದ ಕತೆ ಎಂದು ತಳ್ಳಿಹಾಕುವಂತಿಲ್ಲ. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ಘನಶ್ಯಾಮ್ ಶಾ ಮತ್ತು ಜೊತೆಯವರು ನಡೆಸಿದ ಅಧ್ಯಯನ 2006ರಲ್ಲಿ ಪುಸ್ತಕವಾಗಿ ಬಂತು. ಚಪ್ಪಲಿ ಮತ್ತು ಸೈಕಲ್ ಎರಡಕ್ಕೂ ಇದ್ದ ಇಂಥ ತಡೆಗಳು ಅದರಲ್ಲಿ ದಾಖಲಾಗಿವೆ.

ದೌರ್ಜನ್ಯ ತಡೆ ಕಾಯ್ದೆ ಎಂದು ನಾವು ಕರೆಯುವ 1989ರ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲೋ ಮೋಟಾರ್ ಸೈಕಲ್ಲೋ ಹತ್ತುವುದನ್ನು, ಓಡಿಸುವುದನ್ನು, ಪಾದರಕ್ಷೆ ಹಾಕುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ ಎಂದು ಅದು ಹೆಸರಿಟ್ಟು ಹೇಳುತ್ತದೆ. ಶಿಕ್ಷೆ 6 ತಿಂಗಳಿಗೆ ಕಡಿಮೆ ಇಲ್ಲದಂತೆ 5 ವರ್ಷದವರೆಗೆ ಜೈಲು ಮತ್ತು ದಂಡ. ಜಾರಿಗೆ ಬಂದದ್ದು 2016ರ ಜನವರಿ 26ರಂದು. ಸೈಕಲ್ಲೂ ಚಪ್ಪಲಿಯೂ ಒಂದೇ ಸಾಲಿನಲ್ಲಿವೆ. ಪೆಡಲ್ ಮತ್ತು ಶೂ ಎಂದರೆ ಬೇರೆ ದೇಶಗಳಲ್ಲಿ ವೇಗದ ಮಾತು. ಇಲ್ಲಿ ಅದು 2015ರಲ್ಲೂ ಸಂಸತ್ತು ಕೂತು ಬರೆಯಬೇಕಾದ ಮಾತಾಗಿತ್ತು.

ಬಡವರ ಕಾಲಿಗೆ ಚಪ್ಪಲಿ ಬಂದ ಕತೆಯಲ್ಲಿ ಕಾರ್ಖಾನೆಯ ರಬ್ಬರಿನ ಪಾಲು ದೊಡ್ಡದು. ಬಾಟಾ ಕಂಪನಿ 1930ರ ದಶಕದಲ್ಲಿ ಕಲ್ಕತ್ತದ ಬಳಿ ಬಾಟಾನಗರ ಕಟ್ಟಿ ಬಟ್ಟೆ ಮತ್ತು ರಬ್ಬರಿನ ಶೂ ಮಾಡತೊಡಗಿತು. ಶಾಲೆಯ ಡ್ರಿಲ್ ದಿನದ ಬಿಳಿ ಕ್ಯಾನ್ವಾಸ್ ಶೂ ಆ ಜಾತಿಯದು. ಆಮೇಲೆ ಹವಾಯಿ ಚಪ್ಪಲಿ ಬಂತು. ಹೆಸರು ಹವಾಯಿ ದ್ವೀಪದ್ದು, ಆಕಾರ ಜಪಾನಿನ ಹುಲ್ಲಿನ ಚಪ್ಪಲಿಯದು. 1975ರಲ್ಲಿ ಕೇರಳದ ರಬ್ಬರ್ ಸೀಮೆ ಕೊಟ್ಟಾಯಂನಲ್ಲಿ ಪ್ಯಾರಗಾನ್ ಶುರುವಾಯಿತು. ನೀಲಿ ಬಾರಿನ ಬಿಳಿ ಚಪ್ಪಲಿ ಪ್ರತಿ ಮನೆಯ ಬಾಗಿಲಲ್ಲೂ ಬಿದ್ದಿತ್ತು. ಕೆಳಗೆ ರಬ್ಬರ್ ಪೆಡಲ್, ಮೇಲೆ ರಬ್ಬರ್ ಚಪ್ಪಲಿ, ಒಣ ದಿನದಲ್ಲಿ ಒಂದನ್ನೊಂದು ಚೆನ್ನಾಗಿ ಹಿಡಿದುಕೊಳ್ಳುತ್ತವೆ.

ಮಳೆಗಾಲದಲ್ಲಿ ಇದೇ ಜೋಡಿ ಕೈಕೊಡುತ್ತದೆ. ಕೆಸರು ಮೆತ್ತಿದ ಚಪ್ಪಲಿ ಪೆಡಲ್ ಮೇಲೆ ಜಾರುತ್ತದೆ. ಚಪ್ಪಲಿ ಜಾರದಿದ್ದರೆ ಪಾದ ಚಪ್ಪಲಿಯ ಮೇಲೆ ಜಾರುತ್ತದೆ. ಏರು ದಾರಿಯಲ್ಲಿ ಎದ್ದುನಿಂತು ತುಳಿಯುವಾಗ ಬೆರಳ ಸಂದಿಯ ಬಾರು ಕಿತ್ತುಬಂದರೆ ಮೈಭಾರವೆಲ್ಲ ಕಂಬಿಯ ಮೇಲೆ. ಕಿತ್ತ ಬಾರಿಗೆ ಪಿನ್ನು ಚುಚ್ಚಿಕೊಂಡು ಸೈಕಲ್ ಹತ್ತುವವರಿಗೆ ನಾವು ಹೇಳುವುದು ಇಷ್ಟೇ, ಆ ಚಪ್ಪಲಿ ಮನೆಯಂಗಳಕ್ಕೆ ಇರಲಿ.

ನಮ್ಮ ಸರ್ಕಾರಗಳೂ ಈ ಕತೆಯೊಳಗೆ ಬರುತ್ತವೆ. 2006-07ರಲ್ಲಿ ಕರ್ನಾಟಕ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. 2015-16ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕಪ್ಪು ಶೂ, ಸಾಕ್ಸ್ ಬಂದವು. ನಾಲ್ಕಾರು ವರ್ಷ ಒಂದೇ ಮಗುವಿಗೆ ಪೆಡಲ್ಲೂ ಶೂವೂ ಸರ್ಕಾರದಿಂದಲೇ ಸಿಕ್ಕವು. ಚರಿತ್ರೆಯಲ್ಲಿ ಇದು ಸಣ್ಣ ಘಟನೆ ಅಲ್ಲ. ಹೆಣ್ಣುಮಕ್ಕಳು ಗುಂಪುಗುಂಪಾಗಿ ಪಕ್ಕದೂರಿನ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವುದು ಆಗ ದಿನನಿತ್ಯದ ನೋಟವಾಯಿತು. ಕೋವಿಡ್ ಬಂದಾಗ ಸೈಕಲ್ ಕೊಡುವುದು ನಿಂತಿತು. ಆ ಸೈಕಲ್ಲುಗಳಲ್ಲಿ ಎಷ್ಟೋ ಈಗ ತಮ್ಮನ, ತಂಗಿಯ, ಅಪ್ಪನ ಕಾಲಡಿ ಇವೆ, ಹಲವು ಪೆಡಲ್ ರಬ್ಬರ್ ಕಳೆದುಕೊಂಡು.

ಹಾಗಾದರೆ ಈಗ ಯಾವುದನ್ನು ಹಾಕಿಸಬೇಕು? ಹೊಲ, ಅಂಗಡಿ, ಶಾಲೆ, ಕಾರ್ಖಾನೆಗೆ ಹೋಗುವವರಿಗೆ, ಸುಮ್ಮನೆ ಸಂಜೆ ಸುತ್ತುವವರಿಗೆ ನಮ್ಮ ಮತ ಹಳೆಯ ರಬ್ಬರ್ ಪೆಡಲ್ಲಿಗೇ. ಗೇರ್ ಸೈಕಲ್ಲಿಗೆ ಅದೇ ಅಳತೆಯದು ಸಿಗದಿದ್ದರೆ ಅಗಲವಾದ, ಎರಡೂ ಮುಖ ಸಮನಾದ, ಉಬ್ಬುಗಳು ಮೊಂಡಾಗಿರುವ ಪ್ಲಾಸ್ಟಿಕ್ ಪೆಡಲ್ ಸಾಕು. ಲೋಹದ ಮೊಳೆಗಳು ಎದ್ದುನಿಂತ ಪೆಡಲ್ ಬೆಟ್ಟದ ಕಲ್ಲುದಾರಿಯಲ್ಲಿ ದಪ್ಪ ಅಟ್ಟೆಯ ಶೂ ಹಾಕಿ ಹಾರುವವರಿಗೆ ಮಾಡಿದ್ದು. ಚಪ್ಪಲಿ ಹಾಕುವ ಮಗುವಿನ ಸೈಕಲ್ಲಿಗೆ ಅದು ಬೇಡವೇ ಬೇಡ. ಕಾಲು ಜಾರಿದರೆ ಮೊಣಕಾಲ ಕೆಳಗೆ ಚರ್ಮ ಸುಲಿಯುತ್ತದೆ. ನೋಡಲು ಜೋರಾಗಿದೆ ಎಂದು ಮಕ್ಕಳು ಹಟ ಹಿಡಿಯುವುದು ಅದಕ್ಕೇ, ಏನು ಮಾಡುವುದು.

ಕಾಲಿಗೆ ವಿಶೇಷ ಶೂ ಬೇಕಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್, ಕ್ಯಾನ್ವಾಸ್ ಶೂ, ಶಾಲೆಯ ಶೂ ಯಾವುದಾದರೂ ಆಗುತ್ತದೆ. ಅಟ್ಟೆ ತೀರಾ ಮೆತ್ತಗಿದ್ದರೆ ಪೆಡಲ್ ಅಂಗಾಲಿಗೆ ಒತ್ತಿ ದೂರದ ದಾರಿಯಲ್ಲಿ ನೋಯುತ್ತದೆ, ಕೈಯಲ್ಲಿ ಹಿಡಿದು ಬಗ್ಗಿಸಿದಾಗ ನಡುವೆ ಪೂರ್ತಿ ಮಡಚಿಕೊಳ್ಳದಿದ್ದರೆ ಸರಿ. ಹೆಬ್ಬೆರಳಿನ ಬುಡದ ದಪ್ಪ ಭಾಗ ಪೆಡಲ್ಲಿನ ಅಚ್ಚಿನ ಮೇಲೆ ಬರುವಂತೆ ಕಾಲಿಡಿ.  ಶೂ ದಾರದ ತುದಿಯನ್ನು ಒಳಗೆ ಸಿಕ್ಕಿಸಿ, ಬಲಗಡೆ ಚೈನಿದೆ. ಹಿಂದೆ ಮೇಷ್ಟ್ರುಗಳು, ಪೋಸ್ಟ್‌ಮ್ಯಾನುಗಳು ಪ್ಯಾಂಟಿನ ಬಲಗಾಲಿಗೆ ಕ್ಲಿಪ್ ಹಾಕುತ್ತಿದ್ದರು. ಆ ಕ್ಲಿಪ್ ಅಂಗಡಿಗಳಿಂದ ಮಾಯವಾಗಿದೆ, ಒಂದು ರಬ್ಬರ್ ಬ್ಯಾಂಡು ಆ ಕೆಲಸ ಮಾಡುತ್ತದೆ. ಪೆಡಲ್ ಕೊಳ್ಳುವಾಗ ಹಳದಿ ರಿಫ್ಲೆಕ್ಟರ್ ಇರುವುದನ್ನೇ ಕೇಳಿ. ಕತ್ತಲಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ಮೇಲೆ ಕೆಳಗೆ ಆಡುವ ಎರಡು ಹಳದಿ ಚುಕ್ಕೆ ಕಂಡರೆ ಅದು ಸೈಕಲ್ಲೇ ಎಂದು ಗೊತ್ತಾಗುತ್ತದೆ.

ಕೊನೆಗೆ, ಮನೆಯಲ್ಲೇ ಪೆಡಲ್ ಬಿಚ್ಚಲು ಹೋಗಿ ಎಡಗಡೆಯದನ್ನು ಇನ್ನಷ್ಟು ಬಿಗಿ ಮಾಡುವವರಿಗೆ ಒಂದು ಮಾತು. ಬಲಗಡೆ ಪೆಡಲ್ಲಿನ ಥ್ರೆಡ್ ಮಾಮೂಲಿ, ಎಡಗಡೆಯದು ಉಲ್ಟಾ. ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ತುದಿಯನ್ನು ಗುಂಡಗೆ ಸುತ್ತಿಸಿ ನೋಡಿ, ಪೆನ್ಸಿಲ್ ಮುಷ್ಟಿಯೊಳಗೆ ಎದುರು ದಿಕ್ಕಿಗೆ ತಿರುಗುತ್ತದೆ. ತುಳಿಯುವಾಗ ಪೆಡಲ್ಲಿನ ಅಚ್ಚೂ ಹಾಗೇ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಎರಡೂ ಕಡೆ ಒಂದೇ ಥ್ರೆಡ್ ಇದ್ದರೆ ಎಡಗಡೆಯದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಉಲ್ಟಾ ಥ್ರೆಡ್ಡಿನ ಮದ್ದು ಮಾಡಿದ ಕೀರ್ತಿಯನ್ನು ರೈಟ್ ಸಹೋದರರಿಗೆ ಕೊಡುವುದುಂಟು. ವಿಮಾನ ಹಾರಿಸುವುದಕ್ಕೆ ಮೂರು ವರ್ಷ ಮೊದಲು, 1900ರಲ್ಲಿ, ತಮ್ಮ ಅಂಗಡಿಯ ಸೈಕಲ್ಲಿನ ಪೆಡಲ್ ಬಿಚ್ಚಿಕೊಳ್ಳುವುದಿಲ್ಲ ಎಂದು ಅವರು ಜಾಹೀರಾತು ಕೊಟ್ಟಿದ್ದರು.

ನೆನಪಿಟ್ಟುಕೊಳ್ಳಲು ಸುಲಭ ಲೆಕ್ಕ ಇದೆ. ಸ್ಪ್ಯಾನರ್ ಹಿಡಿಕೆ ಮೇಲ್ಮುಖವಾಗಿರಲಿ. ಯಾವ ಕಡೆಯ ಪೆಡಲ್ ಆದರೂ ಹ್ಯಾಂಡಲ್ ಕಡೆಗೆ ತಿರುಗಿಸಿದರೆ ಬಿಗಿ, ಕ್ಯಾರಿಯರ್ ಕಡೆಗೆ ತಿರುಗಿಸಿದರೆ ಸಡಿಲ. ಹೊಸ ಪೆಡಲ್ಲಿನ ಅಚ್ಚಿನ ತುದಿಯಲ್ಲಿ ಬಲದ್ದಕ್ಕೆ ಆರ್, ಎಡದ್ದಕ್ಕೆ ಎಲ್ ಎಂಬ ಇಂಗ್ಲಿಷ್ ಅಕ್ಷರ ಕೊರೆದಿರುತ್ತದೆ. ಮೊದಲ ನಾಲ್ಕು ಸುತ್ತು ಕೈಯಲ್ಲೇ ಹತ್ತಿಸಿ, ಹತ್ತದಿದ್ದರೆ ಬಲವಂತ ಮಾಡಬೇಡಿ, ಕ್ರ್ಯಾಂಕಿನ ಥ್ರೆಡ್ ಹಾಳಾದರೆ ಖರ್ಚು ಪೆಡಲ್ಲಿಗಿಂತ ಹೆಚ್ಚು. ಹಾಕುವ ಮುಂಚೆ ಥ್ರೆಡ್ಡಿಗೆ ಒಂದು ಬೆರಳು ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಬೈಯುವುದಿಲ್ಲ.